ಬೀರ ಕಿತ್ತಿಟ್ಟ ಮೂರು ಫ್ಯೂಸ್

ಲೈನ್‌ಮನ್ ಬೀರ ಗೌಡ ಕಂಬದ ಬುಡದಲ್ಲಿ ಅಂಗಾತ ಬಿದ್ದಿದ್ದ. ಬಲಗೈ ಸುಟ್ಟಿತ್ತು. ಆಂಬುಲೆನ್ಸಿನವರು ನೋಡಿ ತಲೆಯಾಡಿಸಿದ್ದರು. ಹೊನ್ನಾವರ ಠಾಣೆಯಿಂದ ಅಪ್ಸರಕೊಂಡದ ಆ ಓಣಿಗೆ ನಾನು ಜೀಪಿನಲ್ಲಿ ಬಂದಿಳಿದಾಗ ಹನ್ನೆರಡು ಗಂಟೆ.

ಹೆಣದ ಮೇಲೆ ಬಟ್ಟೆ ಕೂಡ ಹೊದಿಸಿರಲಿಲ್ಲ. ತೀರ್ಪು ಮಾತ್ರ ಸಿದ್ಧವಾಗಿತ್ತು.

"ಅವನದೇ ತಪ್ಪು, ಗಾಯತ್ರಿ ಮೇಡಂ," ಎಂದರು ವಿದ್ಯುತ್ ಕಚೇರಿಯ ಅಧಿಕಾರಿ ರಮಾನಂದ. "ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ನೋಡಿ ಬಂದೆ. ಈ ಓಣಿಯ ಮೂರೂ ಫ್ಯೂಸ್ ಅಲ್ಲೇ ಇದೆ. ಕೀಳದೇ ಹತ್ತಿದ್ದಾನೆ."

"ಒಬ್ಬನನ್ನೇ ಕಳಿಸಿದ್ದಿರಾ?"

"ಜನ ಇಲ್ಲ ಮೇಡಂ."

"ಕೆಲಸದ ಮೊದಲು ತಂತಿಗೆ ಹಾಕುವ ಅರ್ಥ್ ಚೈನ್?"

"ಒಂದೇ ಇದೆ. ಅದು ಹಳದೀಪುರಕ್ಕೆ ಹೋಗಿತ್ತು."

ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಎದುರಿನ ಹೋಂಸ್ಟೇ ಮಾಲೀಕ ರಾಜೀವ ಮುಂದೆ ಬಂದ. ಕಣ್ಣು ಕೆಂಪಗಿತ್ತು. "ಸದ್ದು ಕೇಳಿ ಓಡಿ ಬಂದೆ ಮೇಡಂ. ೧೦೮ಕ್ಕೆ ಫೋನ್ ಮಾಡಿದ್ದೂ ನಾನೇ. ಆಂಬುಲೆನ್ಸ್ ಬರೂತನ ಇವನ ಬದಿ ಬಿಟ್ಟು ಅಲ್ಲಾಡಲಿಲ್ಲ. ಫ್ಯೂಸ್ ಕೀಳದೇ ಹತ್ತಿದ್ದಾನೆ ಅಂತ ಆಂಬುಲೆನ್ಸಿನವರಿಗೂ ಹೇಳಿದೆ. ಎಂತ ಮಾಡೂದು, ಹಂಗೆ ಹತ್ತಿದ್ರೆ ದೇವರೂ ಉಳಿಸೂದಿಲ್ಲ."

ಒಳ್ಳೆಯ ಮನುಷ್ಯ ಅಂದುಕೊಂಡೆ. ಈಗಲೂ ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ಆಗಲೇ ಬೀರನ ಹೆಂಡತಿ ಲಕ್ಕಿ ಬಂದಳು. ಅಳಲಿಲ್ಲ. ರಮಾನಂದರ ಎದುರು ಹೋಗಿ ನಿಂತಳು.

"ನನ್ನ ಗಂಡ ಫ್ಯೂಸ್ ಕೀಳ್ದೇ ಕಂಬ ಹತ್ತೂ ಜನ ಅಲ್ಲ. ಕಿತ್ತು ಬುತ್ತಿ ಚೀಲದಲ್ಲಿ ಹಾಕ್ಕಂಡೇ ಹತ್ತೂದು. ಯಾರೋ ತಿರುಗಿ ಹಾಕಿ ಇವರ ದೋಸ್ತಂದು ಕೈ ಹೋಗಿತ್ತು. ಅಂದಿಂದ ಹಂಗೇ."

"ಇವತ್ತು ಮರೆತಿರಬೇಕಮ್ಮ," ಎಂದರು ರಮಾನಂದ.

"ಮರೆತ ಅಂತ ಬರೀಬೇಡಿ!" ಲಕ್ಕಿ ಕೂಗಿದಳು. "ಸತ್ತವನ ತಲೆ ಮೇಲೆ ಹಾಕಬೇಡಿ!"

*

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗಲಾಟೆ. ಯಾರೋ ಹೈಸ್ಕೂಲ್ ಮೇಷ್ಟ್ರು ದಿವಾಕರರ ಮನೆಗೆ ಕಲ್ಲು ಹೊಡೆದಿದ್ದರು. ಮಾಡಿನ ಮೇಲಿನ ಸೋಲಾರ್ ಹಲಗೆಯೊಂದು ಒಡೆದಿತ್ತು. ಬೆಳಿಗ್ಗೆ ಓಣಿಯಲ್ಲಿ ಕರೆಂಟ್ ಹೋಗಿದ್ದು ಎಲ್ಲರಿಗೂ ಗೊತ್ತು. ಹಾಗಾದರೆ ಸತ್ತ ತಂತಿಗೆ ಜೀವ ಬಂದದ್ದು ಎಲ್ಲಿಂದ? ಮೇಷ್ಟ್ರ ಸೋಲಾರಿನಿಂದ! ಜನ ತೀರ್ಮಾನ ಮಾಡಿಯಾಗಿತ್ತು.

ಮೇಷ್ಟ್ರು ಗೇಟಿಗೆ ಓಡಿ ಬಂದರು. "ಮೇಡಂ, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ನಮ್ಮ ಸೋಲಾರ್ ತಾನೇ ನಿಂತುಹೋಗ್ತದೆ. ಲೈನ್‌ಮನ್‌ಗಳ ಜೀವ ಉಳೀಲಿ ಅಂತಲೇ ಹಾಗೆ ಮಾಡಿದ್ದು. ಬ್ಯಾಟರಿ ಇಲ್ಲ, ಎಂತ ಇಲ್ಲ. ಕರೆಂಟ್ ಹೋದ್ರೆ ನಾನೂ ಬೀಸಣಿಗೆಯೇ."

"ಮತ್ತೆ ಕರೆಂಟ್ ಬಂದದ್ದು ಎಷ್ಟೊತ್ತಿಗೆ?"

ಉತ್ತರ ಪಕ್ಕದ ಮನೆಯ ನಾಗಮ್ಮನಿಂದ ಬಂತು. "ಎರಡು ಸಲ ಬಂತು ಮೇಡಮ್ಮಾ. ನಾನು ಜಗಲಿ ಬಲ್ಬಿನ ಸ್ವಿಚ್ ತೆಗೆಯೂದೇ ಇಲ್ಲ, ಕರೆಂಟ್ ಬಂದದ್ದು ಗೊತ್ತಾಗ್ಲಿ ಅಂತ. ಬಂತು ಅಂತ ಮಿಕ್ಸಿಗೆ ಮಸಾಲೆ ಹಾಕಿದೆ. ಆಗಲೇ ಆ ಕೂಗು. ಬಲ್ಬೂ ಹೋತು. ಗೇಟಿನ ಹತ್ರ ಬಂದು ನೋಡಿದ್ರೆ ಕಂಬದ ಹತ್ರ ರಾಜೀವ ಬಗ್ಗಿದ್ದ. ಹೆದರಿ ಒಳಗೆ ಬಂದು ಕೂತೆ. ಆಮೇಲೆ ಮತ್ತೆ ಬಂತು."

ಎರಡು ಸಲ. ನಾನು ಮೇಷ್ಟ್ರ ಕಡೆ ತಿರುಗಿದೆ. "ನಿಮ್ಮ ಸೋಲಾರ್ ಇದನ್ನೆಲ್ಲ ಎಲ್ಲಾದರೂ ಬರೆದಿಡುತ್ತದಾ?"

ಮೇಷ್ಟ್ರು ಮೊಬೈಲ್ ತೆಗೆದರು. ಅದರಲ್ಲಿ ಸಾಲಾಗಿ ಇತ್ತು. ೧೦.೪೧ಕ್ಕೆ ಲೈನ್ ಹೋಯಿತು. ೧೧.೦೬ಕ್ಕೆ ಬಂತು. ೧೧.೦೮ಕ್ಕೆ ಹೋಯಿತು. ೧೧.೧೯ಕ್ಕೆ ಬಂತು.

ಠಾಣೆಗೆ ಫೋನ್ ಮಾಡಿ ೧೦೮ಕ್ಕೆ ಕರೆ ಹೋದ ಸಮಯ ವಿಚಾರಿಸಿದೆ. ಹನ್ನೊಂದು ಇಪ್ಪತ್ತೇಳು.

ಕೂಗು ಎದ್ದು ಸುಮಾರು ಇಪ್ಪತ್ತು ನಿಮಿಷದ ಮೇಲೆ.

*

ಬೀರನ ಬುತ್ತಿ ಚೀಲ ಕಂಬದ ಪಕ್ಕ ನಿಲ್ಲಿಸಿದ್ದ ಅವನ ಸೈಕಲ್ಲಿಗೆ ನೇತಾಡುತ್ತಿತ್ತು. ಒಳಗೆ ಡಬ್ಬಿ, ಅದಕ್ಕೆ ಸುತ್ತಿದ ಬಿಳಿ ಪಂಜಿ ಬಟ್ಟೆ. ಪಂಜಿಯ ಮೇಲೆ ಗ್ರೀಸಿನ ಮೂರು ಉದ್ದನೆಯ ಕಲೆ, ಇನ್ನೂ ಹಸಿಯಾಗಿದ್ದವು. ಟ್ರಾನ್ಸ್‌ಫಾರ್ಮರಿನ ಒಂದು ಫ್ಯೂಸ್ ತೆಗೆಸಿ, ಕರವಸ್ತ್ರದಲ್ಲಿ ಹಿಡಿದು ಅದರ ಪಕ್ಕ ಇಟ್ಟೆ. ಅಳತೆ ಸರಿಯಾಗಿ ಕೂತಿತು.

ಆಮೇಲೆ ಹೋಂಸ್ಟೇಗೆ ನಡೆದೆ. ರಮಾನಂದರನ್ನೂ ಕರೆದುಕೊಂಡೆ. ಮಾಡಿನ ತುಂಬ ಸೋಲಾರ್, ಮೆಟ್ಟಿಲ ಕೆಳಗೆ ಕಪಾಟಿನಷ್ಟು ಬ್ಯಾಟರಿ. ಮೇನ್ ಬೋರ್ಡಿನ ಮೇಲೆ ಚೀಟಿ ಅಂಟಿಸಿತ್ತು: "ಮೊದಲು ಮೇನ್ ಇಳಿಸಿ. ನಂತರ ಬ್ಯಾಟರಿ ಹಾಕಿ."

"ಚೇಂಜ್‌ಓವರ್ ಸ್ವಿಚ್ ಎಲ್ಲಿ?" ರಮಾನಂದರ ದನಿ ಈಗ ಸಣ್ಣಗಿತ್ತು. ಲೈನಿನ ಕರೆಂಟ್ ಇಲ್ಲವೇ ಬ್ಯಾಟರಿಯ ಕರೆಂಟ್, ಎರಡರಲ್ಲಿ ಒಂದನ್ನೇ ಮನೆಗೆ ಬಿಡುವ ಸ್ವಿಚ್ ಅದು. ಅದರ ಜಾಗದಲ್ಲಿ ಒಂದು ಚೀಟಿ!

"ಇಡೀ ಮನೆಯ ಏಸಿ ಓಡಬೇಕಿತ್ತು," ಎಂದ ರಾಜೀವ. "ಚೀಟಿ ನೋಡಿಯೇ ಹಾಕ್ತೇವೆ."

"ಇವತ್ತು ಗೆಸ್ಟುಗಳು ಸೆಖೆ ಅಂತ ಕೂಗಾಡಿದರು. ನೀನು ಮೇನ್ ಇಳಿಸುವುದನ್ನು ಮರೆತೆ," ಎಂದೆ. "೧೧.೦೬. ನಿನ್ನ ಬ್ಯಾಟರಿಯ ಕರೆಂಟ್ ಹೊರಗಿನ ತಂತಿಗೆ ಹರಿಯಿತು. ಫ್ಯೂಸ್ ಕಿತ್ತಿದ್ದ ಬೀರ, ಸತ್ತ ತಂತಿ ಎಂದು ನಂಬಿಯೇ ಆಗ ಕಂಬದ ಮೇಲಿದ್ದ. ಅವನು ಕೂಗಿದ. ೧೧.೦೮ಕ್ಕೆ ನೀನು ಬ್ಯಾಟರಿ ಆರಿಸಿದೆ."

"ಸುಳ್ಳು! ಅವನು ಫ್ಯೂಸೇ ಕಿತ್ತಿರಲಿಲ್ಲ."

"ಆಂಬುಲೆನ್ಸಿನವರಿಗೆ ಹಾಗೆ ಹೇಳಿದಾಗ ನಿನಗೆ ಹೇಗೆ ಗೊತ್ತಿತ್ತು? ರಮಾನಂದರು ಇನ್ನೂ ಬಂದೇ ಇರಲಿಲ್ಲ. ಪೆಟ್ಟಿಗೆ ಇರುವುದು ಓಣಿಯ ಬಾಯಲ್ಲಿ, ತಿರುವಿನ ಆಚೆ. ನೀನು ಬೀರನ ಬದಿ ಬಿಟ್ಟು ಅಲ್ಲಾಡಲೇ ಇಲ್ಲವಲ್ಲ?"

ರಾಜೀವ ಬಾಗಿಲ ಕಡೆ ಸರಿದ.

"ಫ್ಯೂಸ್ ಅವನ ಚೀಲದಲ್ಲಿತ್ತು. ಅದನ್ನು ಕದ್ದು ಪೆಟ್ಟಿಗೆಗೆ ಹಾಕಿ ಬಂದೆ, ತಪ್ಪು ಅವನದಾಗಲಿ ಎಂದು. ೧೧.೧೯ಕ್ಕೆ ಓಣಿಗೆ ಕರೆಂಟ್ ಬಂತು. ೧೧.೨೭ಕ್ಕೆ ನಿನಗೆ ಆಂಬುಲೆನ್ಸ್ ನೆನಪಾಯಿತು. ಫ್ಯೂಸಿನ ಪಿಂಗಾಣಿ ನುಣುಪು, ರಾಜೀವ. ಬೆರಳಚ್ಚು ಚೆನ್ನಾಗಿ ಕೂರುತ್ತದೆ."

ಅವನು ಕೈಮುಗಿದ. "ಮರೆತುಹೋತು ಮೇಡಂ. ಬೇಕಂತ ಮಾಡಿದ್ದಲ್ಲ."

"ಮೇನ್ ಮರೆತೆ, ಒಪ್ಪಿದೆ. ಫ್ಯೂಸ್ ಹಾಕಿದ್ದು ಮರೆವಾ?" ನನ್ನ ಕೈ ಎದ್ದಿತ್ತು. ಹೇಗೋ ಇಳಿಸಿಕೊಂಡೆ.

*

ಬೆರಳಚ್ಚು ತಾಳೆಯಾಯಿತು. ಮಾರನೇ ದಿನ ಲಕ್ಕಿ ಠಾಣೆಗೆ ಬಂದಳು. ಎಲ್ಲವನ್ನೂ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

"ಆ ಫ್ಯೂಸ್ ಹಾಕೂಕೆ ಹೋದಾಗ, ಅವರಿಗೆ ಉಸಿರಿತ್ತಾ?"

ಮರಣೋತ್ತರ ವರದಿ ನನ್ನ ಮೇಜಿನ ಮೇಲೇ ಇತ್ತು. ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ.

"ಇತ್ತು, ಲಕ್ಕಿ."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ಹಾಗಾದ್ರೆ ಆ ರಾಜೀವ ಚೀಲಕ್ಕೆ ಕೈ ಹಾಕೂದನ್ನ ಇವರು ನೋಡಿರ್ತಾರೆ," ಎಂದಳು. "ಮೇಡಮ್ಮಾ, ನಿಮ್ಮ ವರದಿಯ ಮೊದಲನೇ ಸಾಲಿನಲ್ಲೇ ಬರೀರಿ. ಬೀರ ಗೌಡ ಫ್ಯೂಸ್ ಕಿತ್ತಿದ್ದ ಅಂತ."

ಬರೆದೆ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದೆ.