ಮೆಟ್ಟಿಲ ಕೆಳಗಿನ ಕಪ್ಪು

ಚರ್ಚಿನ ಹಡಗು ಕಾಣೆಯಾದ ಮೂರನೆಯ ದಿನ, ಗುರುವಾರ, ಹೋಲ್ಗರ್ ನಮ್ಮ ಫೋಟೊ ಮುದ್ರಣಾಲಯಕ್ಕೆ ಬಂದು, ಟೋಪಿಯನ್ನೂ ತೆಗೆಯದೆ ಸ್ಟೂಲಿನ ಮೇಲೆ ಕುಸಿದ. ಇಪ್ಪತ್ತೆರಡು ವರ್ಷದಿಂದ ಚರ್ಚಿನ ಬೀಗದ ಕೈ ಅವನ ಬಳಿಯೇ ಇತ್ತು. ಹಿಂದಿನ ನಾವಿಕರು ಹರಕೆ ಒಪ್ಪಿಸಿದ್ದ, ಮೂರು ಕಂಬಗಳ ಎರಡು ಮೊಳದ ಮರದ ಹಡಗು ಬಾಗಿಲ ಬಳಿ ಚಾವಣಿಯಿಂದ ತೂಗುತ್ತಿತ್ತು. ಮಂಗಳವಾರ ಬೆಳಿಗ್ಗೆ ನೋಡಿದರೆ ಅದು ಅಲ್ಲಿರಲಿಲ್ಲ. ಬೀಗ ಮುರಿದಿರಲಿಲ್ಲವಾದ್ದರಿಂದ ತಪ್ಪೆಲ್ಲ ಹೋಲ್ಗರನ ತಲೆಗೆ ಬಂತು. ಭಾನುವಾರದೊಳಗೆ ಕೆಲಸವನ್ನೂ ಚರ್ಚಿನ ಮನೆಯನ್ನೂ ಬಿಡಬೇಕೆಂದು ಚರ್ಚು ನಡೆಸುವ ಪಾದ್ರಿಯಮ್ಮ ಹೇಳಿಬಿಟ್ಟಿದ್ದರು.

"ನಾನು ತಗೊಂಡಿಲ್ಲ ಅಗ್ನೆತೆ. ನೀನಾದ್ರೂ ನಂಬು."

ಮುದ್ರಣಾಲಯದ ಒಡತಿ ಅಗ್ನೆತೆ ಪೊಲೀಸಿನವಳಲ್ಲ. ಆದರೂ ಊರಿನ ಬಿಡಿಸಲಾಗದ ಗಂಟೆಲ್ಲ ಕೊನೆಗೆ ಬರುತ್ತಿದ್ದುದು ಅವಳ ಮೇಜಿಗೇ. ಅಲ್ಲಿ ಚೌಕಟ್ಟು ಕಟ್ಟುತ್ತ ಹದಿನೈದು ವರ್ಷ ಕಳೆದ ನನಗೆ ಅವಳ ಕಣ್ಣಿನ ಮೇಲೆ ದೇವರ ಮೇಲಿನದಕ್ಕಿಂತ ಹೆಚ್ಚು ನಂಬಿಕೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಸೋಮವಾರ ನಡೆದದ್ದನ್ನೆಲ್ಲ ಅವಳು ಕೇಳಿದಳು. ಛಾಯಾಗ್ರಾಹಕಿ ಸಿಡ್ಸೆಲ್ ಚರ್ಚಿನ ಒಳಾಂಗಣದ ಚಿತ್ರ ತೆಗೆಯಲು ಹೋಗಿದ್ದಳು. ನಮ್ಮ ಮುದ್ರಕ ಎಬ್ಬೆ ದೀಪಗಳ ಉದ್ದನೆಯ ಪೆಟ್ಟಿಗೆ ಹೊತ್ತು ಜೊತೆಗೆ ಹೋಗಿದ್ದ. ಹೋಲ್ಗರ್ ಹಿಂದಿನ ಕೋಣೆಯಲ್ಲಿ ಕಾಫಿ ಕಾಸುತ್ತಿದ್ದ. ನಾಲ್ಕಕ್ಕೆ ಎಲ್ಲರೂ ಹೊರಟ ಮೇಲೆ ಬೀಗ ಹಾಕಿದ. ಆಗ ಹಡಗು ಇತ್ತೇ ಎಂದು ಅಗ್ನೆತೆ ಕೇಳಿದಳು.

"ಇಪ್ಪತ್ತೆರಡು ವರ್ಷದಿಂದ ತೂಗ್ತಿರೋದನ್ನ ದಿನಾ ಯಾರು ತಲೆ ಎತ್ತಿ ನೋಡ್ತಾರೆ?"

ಆ ಚಿತ್ರ ನಮ್ಮ ಗೋಡೆಯ ಮೇಲೇ ಇತ್ತು. ಮಂಗಳವಾರ ಬಂದ ಹೊಸ ಹತ್ತಿ ಕಾಗದದ ಮೇಲೆ ಎಬ್ಬೆ ಬುಧವಾರ ಮುದ್ರಿಸಿದ್ದ. ಹೊಸ ಕಾಗದ ಬಂದಾಗ ಅವನು ಕಪ್ಪಿನಿಂದ ಬೂದಿಗೆ ಏರುವ, ಅಂಕಿ ಹಾಕಿದ ಚೌಕಗಳ ಪಟ್ಟಿಯೊಂದನ್ನು ಮುದ್ರಿಸಿ, ಎಷ್ಟನೆಯದರವರೆಗೆ ಎಲ್ಲವೂ ಒಂದೇ ಕಪ್ಪಾಗಿ ಕಾಣುತ್ತದೆಂದು ಗುರುತು ಹಾಕುತ್ತಾನೆ. ಈ ಸಲದ ಪಟ್ಟಿ ಇನ್ನೂ ಹಲಗೆಗೆ ಏರದೆ ಅವನ ಏಪ್ರನ್ನಿನ ಜೇಬಿನಲ್ಲೇ ಇತ್ತು.

ಅಗ್ನೆತೆ ಭೂತಗನ್ನಡಿ ಹಿಡಿದು ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಬೆಂಚುಗಳ ಕೆಳಗಿನ ನೆರಳಿನಲ್ಲಿ ಮರದ ಗೆರೆಗಳು ಒಂದೊಂದಾಗಿ ಕಾಣುತ್ತಿದ್ದವು. ಮಾಳಿಗೆಗೆ ಹೋಗುವ ಮೆಟ್ಟಿಲ ಕೆಳಗೆ ಮಾತ್ರ ಗೋಡೆಯೂ ಇಲ್ಲ, ನೆಲವೂ ಇಲ್ಲ. ನನ್ನ ಕಡೆ ತಿರುಗಿ, "ಪಾಲೆ, ಎಲ್ರನ್ನೂ ಮೂರು ಗಂಟೆಗೆ ಕರಿ. ಪಾದ್ರಿಯಮ್ಮನ್ನೂ," ಎಂದಳು.

ಮೂರಕ್ಕೆ ಎಲ್ಲರೂ ಸೇರಿದರು. ಅಗ್ನೆತೆ ಮೇಜಿನ ಮೇಲೆ ಎರಡು ಮುದ್ರಣಗಳನ್ನು ಹಾಸಿದಳು. ಒಂದು ಗೋಡೆಯ ಮೇಲಿದ್ದದ್ದು. ಇನ್ನೊಂದನ್ನು ಅವಳೇ ಮಧ್ಯಾಹ್ನ, ಅದೇ ಫೈಲಿನಲ್ಲಿ ಮೆಟ್ಟಿಲ ಕೆಳಗಿನ ನೆರಳನ್ನಷ್ಟೇ ಮೇಲೆತ್ತಿ ಮುದ್ರಿಸಿದ್ದಳು. ಅದರಲ್ಲಿ ಗೋಡೆ ಇತ್ತು, ಗೋಡೆಗೆ ಒರಗಿಸಿಟ್ಟ ಹಡಗಿನ ಮೂರು ಕಂಬಗಳಿದ್ದವು.

"ಮೂರೂವರೆಗೆ ತೆಗೆದ ಚಿತ್ರ ಇದು. ಆಗ್ಲೇ ಹಡಗು ಕೆಳಗಿಳಿದಿತ್ತು. ಹೋಲ್ಗರ್ ಬೀಗ ಹಾಕೋ ಹೊತ್ತಿಗೆ ದೀಪದ ಪೆಟ್ಟಿಗೇಲಿ ಹೊರಗೆ ಹೋಗಿತ್ತು," ಎಂದಳು ಅಗ್ನೆತೆ.

ಸಿಡ್ಸೆಲ್ ಎರಡೂ ಮುದ್ರಣಗಳನ್ನು ಹತ್ತಿರಕ್ಕೆಳೆದು ನೋಡಿದಳು. ಪರದೆಯ ಮೇಲೆ ಚಿತ್ರ ನೋಡಿ ಒಪ್ಪಿಗೆ ಕೊಟ್ಟವಳು ತಾನೇ, ಅಲ್ಲಿ ಏನೂ ಬದಲಾದಂತೆ ಕಾಣಲಿಲ್ಲವೆಂದಳು.

"ನಿನಗೆ ಕಾಣಬಾರ್ದು ಅಂತಾನೇ ಮಾಡಿದ್ದು. ಮೂಲೇನ ಪೂರ್ತಿ ಕಪ್ಪು ಬಳಿದಿದ್ರೆ ನೀನು ಕೇಳ್ತಿದ್ದೆ. ಅಲ್ಲಿನ ಬ್ಲ್ಯಾಕ್ ಪಾಯಿಂಟ್, ಅಂದ್ರೆ ಕಪ್ಪು ಶುರುವಾಗೋ ಮಟ್ಟ, ಅದನ್ನ ಮಾತ್ರ ಒಂಚೂರು ಸರಿಸಿ, ನೆರಳನ್ನೆಲ್ಲ ಪಟ್ಟಿಯ ಹದಿನಾಲ್ಕನೇ ಚೌಕದ ಕೆಳಗೆ ಇಳಿಸಿದ್ದಾರೆ. ಪರದೆ ಮೇಲೆ ಅದು ಮಬ್ಬು ಮೂಲೆ. ಕಾಗದದ ಮೇಲೆ ಬರೀ ಕಪ್ಪು."

ಹಳೆಯ ಕಾಗದ ಒಂಬತ್ತರವರೆಗಿನ ನೆರಳನ್ನಷ್ಟೇ ನುಂಗುತ್ತಿತ್ತು ಎಂದು ಅವಳು ವಿವರಿಸಿದಳು. ಹೊಸದು ಹದಿಮೂರರವರೆಗೂ ನುಂಗುತ್ತದೆಂದು ಅವಳಿಗೇ ಗೊತ್ತಾದದ್ದು ಅಂದು ಮಧ್ಯಾಹ್ನ, ತಾನೇ ಪಟ್ಟಿ ಮುದ್ರಿಸಿ ನೋಡಿದಾಗ. ಹಡಗಿನ ಅತ್ಯಂತ ಬೆಳಕಿನ ಭಾಗ ಸರಿಯಾಗಿ ಹದಿಮೂರರಲ್ಲಿ ನಿಂತಿತ್ತು. ಬುಧವಾರ ಆ ಲೆಕ್ಕ ಗೊತ್ತಿದ್ದದ್ದು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡವನೊಬ್ಬನಿಗೇ.

"ನಿನ್ನಷ್ಟು ನಾಜೂಕಾಗಿ ನೆರಳು ಇಳಿಸೋ ಕೈ ಈ ಊರಲ್ಲಿ ಇನ್ನೊಂದಿಲ್ಲ ಎಬ್ಬೆ. ಒರಟಾಗಿ ಮಾಡಿದ್ರೆ ಯಾರೋ ಅಂದ್ಕೊಳ್ತಿದ್ದೆ."

ಎಬ್ಬೆ ಅಲ್ಲಗಳೆಯಲಿಲ್ಲ. ಸಿಡ್ಸೆಲ್ ಬಾಗಿಲಿಗೆ ಬೆನ್ನು ಹಾಕಿ ಕ್ಯಾಮೆರಾ ಹೊಂದಿಸುತ್ತಿದ್ದಾಗ ಅವನು ಹಡಗನ್ನು ಇಳಿಸಿ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಟ್ಟಿದ್ದ. ಹಡಗನ್ನು ಕೆತ್ತಿದವನು ಅವನ ಮುತ್ತಜ್ಜ. ಚರ್ಚಿನ ಸಮಿತಿ ಅದನ್ನು ರಾಜಧಾನಿಯ ಸಂಗ್ರಹಾಲಯಕ್ಕೆ ಕೊಡಲು ಹೊರಟಿತ್ತು. ಅದು ಊರು ಬಿಟ್ಟು ಹೋಗುವುದನ್ನು ತಡೆಯುವುದಷ್ಟೇ ತನ್ನ ಉದ್ದೇಶವಾಗಿತ್ತು, ಈಗ ಅದು ತನ್ನ ದೋಣಿಮನೆಯಲ್ಲಿದೆ ಎಂದ. ನನಗೆ ಅವನ ಮೇಲೆ ಮರುಕವೂ ಬಂತು, ಸಿಟ್ಟೂ ಬಂತು.

"ಮುತ್ತಜ್ಜನ ಹಡಗು ಉಳಿಸೋಕೆ ಹೋಲ್ಗರನ ಮನೆ ಮುಳುಗಿಸ್ತಿದ್ದೆಯಲ್ಲೋ," ಎಂದಳು ಅಗ್ನೆತೆ.

ಪಾದ್ರಿಯಮ್ಮ ಹೋಲ್ಗರನ ಕೈ ಹಿಡಿದು ಕ್ಷಮೆ ಕೇಳಿದರು. ಎಲ್ಲರೂ ಕೂಡಲೇ ದೋಣಿಮನೆಗೆ ಹೋಗೋಣ, ಹಡಗನ್ನು ಮೊದಲು ಹೋಲ್ಗರನೇ ಮುಟ್ಟಲಿ ಎಂದರು. ಅವನು ಆಗಲೇ ಬಾಗಿಲ ಬಳಿ ಇದ್ದ.

"ನೀವು ಹೋಗಿ. ಮನೇಲಿ ಇವಳು ಬೆಳಿಗ್ಗೆಯಿಂದ ತಟ್ಟೆ ಲೋಟ ಎಲ್ಲ ಪೇಪರಲ್ಲಿ ಸುತ್ತಿ ಸುತ್ತಿ ಇಡ್ತಿದ್ದಾಳೆ. ಮೊದ್ಲು ಅದನ್ನ ನಿಲ್ಲಿಸ್ಬೇಕು."