ಗಾರೆಯ ಹಿಂದೆ ಗುಬ್ಬಿಮರಿ

"ಅಪ್ಪಾ, ಆ ಮೇಲಿನ ಕಿಂಡಿ ಎಲ್ಲಿ?"

ಏಣಿ ಇಳಿಯುತ್ತಿದ್ದ ಅಪ್ಪ ತಿರುಗಿ ನೋಡಿದರು. "ಮುಚ್ಚಿದೆ. ಗಾರೆ ಕೆಲಸದವನು ಕಿಂಡಿ ಮುಚ್ಚದೆ ಇನ್ನೇನು ಮುಚ್ಚಬೇಕು, ನಿನ್ನ ಬಾಯಿನಾ?"

ಎಲ್ಲರೂ ಗಡಿಬಿಡಿ ಎಂದೇ ಕರೆಯುವ ಆ ಹುಡುಗಿ ಇವತ್ತು ನಗಲಿಲ್ಲ. ಹೆಗಲಿನ ಸ್ಕೂಲ್ ಬ್ಯಾಗ್ ಜಾರಿ ಮರಳಿನ ಮೇಲೆ ಬಿತ್ತು.

ಕೆಲಸದವರು ಮೇಲೆ ನಿಲ್ಲಲು ಸಾರುವೆ ಕಟ್ಟುವಾಗ ಕಂಬ ತೂರಿಸಲೆಂದು ಹೊಸ ಬಿಲ್ಡಿಂಗಿನ ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಗಳು, ಸಾರುವೆ ಬಿಚ್ಚಿ ತಿಂಗಳಾದರೂ ಹಾಗೇ ಉಳಿದಿದ್ದವು. ಅವುಗಳಲ್ಲೊಂದರಲ್ಲಿ ಎರಡು ಗುಬ್ಬಿಗಳು ಸಂಸಾರ ಹೂಡಿದ್ದವು. ಒಣಹುಲ್ಲು, ಸಿಮೆಂಟ್ ಚೀಲದ ದಾರ, ಎಲ್ಲಿಂದಲೋ ಕದ್ದ ಹತ್ತಿ ಎಲ್ಲ ಸಾಗಿಸಿದ್ದವು. ಮೂರು ದಿನದಿಂದ ಮರಿಗಳ ಸದ್ದೂ ಕೇಳುತ್ತಿತ್ತು. ಯಾರಾದರೂ ಕಲ್ಲು ಹೊಡೆದಾರೆಂದು ಗಡಿಬಿಡಿ ಬಾಯಿ ಬಿಟ್ಟಿರಲಿಲ್ಲ. ಅಪ್ಪನ ಹತ್ತಿರವೂ.

ಈಗ ಅಲ್ಲಿ ಹಸಿ ಸಿಮೆಂಟಿನ ತೇಪೆ. ಕೊರಳಿಗೆ ಕಪ್ಪು ಮಚ್ಚೆಯಿದ್ದ ಗಂಡುಗುಬ್ಬಿ ಹಸಿರು ಹುಳು ಕಚ್ಚಿಕೊಂಡು ಬಂದು ಗೋಡೆಗೆ ಬಡಿಯುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು.

"ಅದರೊಳಗೆ ಮರಿ ಇವೆ ಅಪ್ಪಾ!"

ಅಪ್ಪನ ಕೈಯಲ್ಲಿದ್ದ ಗಾರೆ ಬಳಿಯುವ ಕರಣೆ ಹಾಗೇ ನಿಂತಿತು. "ಹುಲ್ಲು ಕಂಡಿತು ಕಣೇ. ಕಸ ಅಂದ್ಕೊಂಡೆ. ಇಟ್ಟಿಗೆ ಚೂರು ಅಡ್ಡ ಇಟ್ಟು ಗಾರೆ ಬಳಿದುಬಿಟ್ಟೆ. ಊರಿಗೆಲ್ಲ ಸುದ್ದಿ ಹಂಚೋಳು, ಇದೊಂದು ಹೇಳೋಕಾಗ್ಲಿಲ್ವಾ ನಿಂಗೆ?"

ಗಡಿಬಿಡಿ ಏಣಿಯ ಹತ್ತಿರ ಓಡಿದಳು. "ಗಟ್ಟಿ ಆಗೋಯ್ತಾ?"

"ಇನ್ನೂ ಇಲ್ಲ." ಅಪ್ಪ ಮತ್ತೆ ಏಣಿ ಹತ್ತಿದರು.

"ಏಯ್ ಮೇಸ್ತ್ರಿ!" ಕಂಟ್ರಾಕ್ಟರ್ ಬಂದ. "ಮುಗಿದಿದೆ ಅಂದೆ, ಮತ್ತೆ ಯಾಕೆ ಹತ್ತಿದೀಯಾ? ನಾಳೆ ಪೇಂಟ್‌ನವರು ಬರ್ತಾರೆ."

"ಒಳಗೆ ಗುಬ್ಬಿಮರಿ ಸಿಕ್ಕಾಕ್ಕೊಂಡಿವೆ ಸಾರ್."

"ಇದೇನು ಝೂನಾ? ಮುಗಿದ ಕೆಲಸ ಕೆಡವಿದ್ರೆ ನಾಳೆಯಿಂದ ಬೇರೆ ಕಡೆ ನೋಡ್ಕೋ!"

ಕಂಟ್ರಾಕ್ಟರ್ ಬೈದಾಗಲೆಲ್ಲ ಅಪ್ಪ ನೆಲ ನೋಡುತ್ತಿದ್ದರು. ಈಗ ಏಣಿಯ ಮೇಲಿಂದ ನೆಲ ನೋಡಿದರೆ ಅಲ್ಲಿ ಕಂಟ್ರಾಕ್ಟರೇ ಕಾಣುತ್ತಿದ್ದ, ಗಿಡ್ಡಗೆ.

"ನೋಡ್ಕೋತೀನಿ ಸಾರ್," ಎಂದರು ಅಪ್ಪ. ಕರಣೆಯ ಮೂತಿಯನ್ನು ಹಸಿ ಸಿಮೆಂಟಿಗೆ ಚುಚ್ಚಿದರು.

ಅಲ್ಲೇ ಗಾರೆ ಹೊರುತ್ತಿದ್ದ ಅಮ್ಮ ಬಾಂಡ್ಲಿ ಕೆಳಗಿಟ್ಟು ಓಡಿಬಂದು ಏಣಿಯ ಬುಡ ಹಿಡಿದಳು. "ಇಷ್ಟು ದೊಡ್ಡ ಬಿಲ್ಡಿಂಗ್ ಎಬ್ಬಿಸಿ ಕೊಟ್ಟಿದೀವಿ ಸಾರ್. ಒಂದು ಹಿಡಿ ಜಾಗಕ್ಕೆ ಯಾಕೆ ಹಿಂಗೆ ಉರ್ಕೋತೀರಾ? ನೆರಳಿಗೆ ಬನ್ನಿ, ತಲೆ ಕಾದಿದೆ."

ಮರಳು ಜರಡಿ ಹಿಡಿಯುತ್ತಿದ್ದವರು ಕಿಸಕ್ಕೆಂದರು. ಜರಡಿ ಬಿಟ್ಟು ಒಬ್ಬೊಬ್ಬರಾಗಿ ಬಂದು ಅಮ್ಮನ ಪಕ್ಕ ನಿಂತರು. ಕಂಟ್ರಾಕ್ಟರ್ ಎಲ್ಲರ ಮುಖ ನೋಡಿದ. ಅಷ್ಟೂ ಜನರನ್ನು ಓಡಿಸಿದರೆ ನಾಳೆ ಕೆಲಸಕ್ಕೆ ಯಾರು? "ಬೇಗ ಮುಗಿಸ್ರಿ," ಎಂದು ಗೊಣಗಿ, ಫೋನ್ ಕಿವಿಗಿಟ್ಟುಕೊಂಡು ಹೊರಟ. ಫೋನ್ ರಿಂಗ್ ಆಗಿರಲೇ ಇಲ್ಲ.

ಇಟ್ಟಿಗೆ ಚೂರು ಹೊರಬಂತು. ಅಪ್ಪ ಕಿಂಡಿಗೆ ಕಿವಿಯಿಟ್ಟರು. ಗಡಿಬಿಡಿ ತುದಿಗಾಲಲ್ಲಿ ನಿಂತು ಮೇಲೆ ನೋಡಿದಳು.

ಫುರ್ರ್! ಹೆಣ್ಣುಗುಬ್ಬಿ ಬಾಣದಂತೆ ಹೊರಗೆ ಚಿಮ್ಮಿತು.

"ಅಯ್ಯಯ್ಯೋ, ನನ್ನ ಮೂಗು!" ಅಪ್ಪ ಏಣಿ ತಬ್ಬಿಕೊಂಡರು. ಕೆಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗು ಇಳಿದಾಗ ಸಣ್ಣಗೆ ಕೇಳಿತು, ಚೀಂವ್ ಚೀಂವ್. ಗಂಡುಗುಬ್ಬಿ ಹುಳು ಕಚ್ಚಿಕೊಂಡೇ ಒಳಗೆ ನುಗ್ಗಿತು.

ಅಪ್ಪ ಇಳಿಯಲಿಲ್ಲ. ಒಂದಿಷ್ಟು ಗಾರೆ ತರಿಸಿಕೊಂಡು, ಒಡೆದ ಕಿಂಡಿಯ ಅಂಚನ್ನು ಹೆಬ್ಬೆರಳಿನಿಂದ ಗುಂಡಗೆ ಒರೆಸತೊಡಗಿದರು.

"ಅಷ್ಟು ನೈಸಾಗಿ ಯಾಕಪ್ಪಾ? ಗುಬ್ಬಿಗೇನು ಗೊತ್ತಾಗುತ್ತೆ?"

"ಮಾಡೋನಿಗೆ ಗೊತ್ತಾಗುತ್ತಲ್ಲ."

ಅಪ್ಪ ಎಷ್ಟೋ ಮನೆ ಕಟ್ಟಿದ್ದರು. ಬಾಗಿಲು ಕೂರಿಸಿದ ಮೇಲೆ ಯಾವ ಮನೆಯೊಳಗೂ ಕಾಲಿಟ್ಟಿರಲಿಲ್ಲ. ಅಲ್ಲಿ ಯಾರಿದ್ದಾರೆ, ರಾತ್ರಿ ಏನು ಮಾತಾಡುತ್ತಾರೆ, ಒಂದೂ ಗೊತ್ತಿರಲಿಲ್ಲ.

ಅಂಚು ಒರೆಸಿ ಆಗಿತ್ತು. ಆದರೂ ಅಪ್ಪ ಗೋಡೆಗೆ ಕಿವಿಗೊಟ್ಟು, ತಮ್ಮಷ್ಟಕ್ಕೆ ನಗುತ್ತಾ, ಇಳಿಯುವುದನ್ನೇ ಮರೆತು ನಿಂತಿದ್ದರು.

ಗಡಿಬಿಡಿ ಕರೆಯಲಿಲ್ಲ. ಅಮ್ಮನ ಜೊತೆ ತಾನೂ ಏಣಿ ಹಿಡಿದು ನಿಂತಳು.