ಎರಡು ಸಮಾಧಿಗಳ ನಡುವಿನ ಗಿಡಸಾಲು

ಫ್ಯೂನ್ ದ್ವೀಪದ ನಮ್ಮ ಚರ್ಚಿನ ಅಂಗಳದಲ್ಲಿ ನನ್ನ ಯಜಮಾನರು ಹೋಲ್ಗರ್ ಮಲಗಿದ್ದಾರೆ. ಅವರ ಸಮಾಧಿಗೂ ಪಕ್ಕದ ಎಲ್ಲೆನ್ ಎಂಬಾಕೆಯ ಸಮಾಧಿಗೂ ನಡುವೆ ಮೊಣಕಾಲೆತ್ತರದ ಬಾಕ್ಸ್‌ವುಡ್ ಗಿಡಗಳ ಒಂದೇ ಸಾಲು. ಆ ಬೇಸಿಗೆಯಲ್ಲಿ ಎಲೆಗಳು ಹಳದಿಯಾಗಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಗಿಡ ಚೇತರಿಸದಿದ್ದರೆ ಸೆಪ್ಟೆಂಬರಿನಲ್ಲಿ ಕಿತ್ತು ಜಲ್ಲಿ ಸುರಿಯುತ್ತೇವೆಂದು ಚರ್ಚಿನ ಕಚೇರಿಯಿಂದ ಕಾಗದ ಬಂತು. ಹೋಲ್ಗರ್ ಅವರಿಗೆ ಜಲ್ಲಿ ಕಂಡರೆ ಆಗುತ್ತಿರಲಿಲ್ಲ.

ಎಲ್ಲೆನ್‌ಳ ಗಂಡನನ್ನು ನಾನು ನೋಡಿರಲಿಲ್ಲ. ನೀರು ಹಾಕದ ಸೋಮಾರಿ ಎಂದು ಮಾತ್ರ ತೀರ್ಮಾನಿಸಿದ್ದೆ. ದಿನವೂ ಬೆಳಿಗ್ಗೆ ಬರುವ ನಾನು, ಅವರನ್ನು ಹಿಡಿಯಲೆಂದೇ ಒಂದು ದಿನ ಸಂಜೆ ಹೋದೆ.

ಎಲ್ಲೆನ್‌ಳ ಸಮಾಧಿಯ ಬಳಿ ಎರಡು ಕೈಯಲ್ಲೂ ನೀರಿನ ಕ್ಯಾನ್ ಹಿಡಿದು ಎತ್ತರದ ಮುದುಕರೊಬ್ಬರು ನಿಂತಿದ್ದರು.

“ಬೆಳಗಿನ ಹೊತ್ತು ಬರೋರು ನೀವೇನಾ?” ಎಂದರು. “ಗಿಡಕ್ಕೆ ನೀರು ಹಾಕ್ತೀರಾ, ಇಲ್ಲ ಬರೀ ಪ್ರಾರ್ಥನೆನಾ?”

“ದಿನಾ ಎರಡು ಕ್ಯಾನ್ ಹಾಕ್ತೀನಿ ಕಣ್ರೀ.”

“ನಾನೂ ಎರಡು.”

ದಿನಕ್ಕೆ ನಾಲ್ಕು ಕ್ಯಾನ್! ಹರೆಯದಲ್ಲಿ ಹತ್ತು ವರ್ಷ ಗಿಡಗಳ ನರ್ಸರಿಯಲ್ಲಿ ದುಡಿದವಳು ನಾನು. ನಾಚಿಕೆಯಾಯಿತು. ಮಂಡಿಯೂರಿ ಒಂದು ಗಿಡವನ್ನು ಅಗೆದು ತೆಗೆದೆ. ಬೇರು ಕಪ್ಪಾಗಿತ್ತು. ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ನೂಲಷ್ಟೇ ಉಳಿಯಿತು.

“ಬೇರು ಕೊಳೆತಿದೆ. ನೀರು ಮೇಲಕ್ಕೆ ಹೋಗ್ತಿಲ್ಲ. ಅದಕ್ಕೇ ಎಲೆ ಬಾಯಾರಿದ ಹಾಗೆ ಕಾಣುತ್ತೆ, ನಾವು ಇನ್ನಷ್ಟು ಸುರೀತೀವಿ.”

“ಅಂದ್ರೆ ಇಬ್ಬರೂ ಸೇರಿ ಮುಳುಗಿಸಿದ್ವಿ.” ಅವರ ತುಟಿಯ ಅಂಚು ನಡುಗಿತು. ನಗುವೋ ಅಳುವೋ ತಿಳಿಯಲಿಲ್ಲ.

ಅವರ ಹೆಸರು ಆಸ್ಗರ್, ಬೇಕರಿ ನಡೆಸಿ ನಿವೃತ್ತರಾದವರು. ಹತ್ತೊಂಬತ್ತು ಗಿಡಗಳಲ್ಲಿ ಏಳರ ಬೇರು ಇನ್ನೂ ಬಿಳಿಯಿತ್ತು. ಉಳಿದವನ್ನು ಕಿತ್ತು, ಆ ಏಳರ ಸುತ್ತ ನೀರು ಹರಿದುಹೋಗುವಂತೆ ಮಣ್ಣಿಗೆ ಮರಳು ಬೆರೆಸಿದೆವು. ಸಂಜೆಗಳು ಹೀಗೇ ಕಳೆದವು. ಅವರು ತಾವೇ ಸುಟ್ಟ ರೈ ಹಿಟ್ಟಿನ ಕರಿ ರೊಟ್ಟಿ, ಬೆಣ್ಣೆ ತರುತ್ತಿದ್ದರು. ನಾನು ಫ್ಲಾಸ್ಕಿನಲ್ಲಿ ಕಾಫಿ. ಅವರು ಮೊದಲು ಕ್ಯಾನಿನ ಕಡೆ, ಆಮೇಲೆ ಓರೆಗಣ್ಣಲ್ಲಿ ನನ್ನ ಕಡೆ ನೋಡುವರು.

“ಒಂದೇ ಒಂದು ಲೋಟ ಹಾಕ್ಲಾ?”

“ಕೈ ಮುರೀತೀನಿ.”

“ಮುರೀರಿ. ಆಮೇಲೆ ರೊಟ್ಟಿಗೆ ಹಿಟ್ಟು ನಾದೋರು ಯಾರು?”

ಸ್ಮಶಾನಕ್ಕೆ ಹೊರಡುವ ಮುನ್ನ ಎರಡು ಸಲ ತಲೆ ಬಾಚುತ್ತಿದ್ದೇನೆಂದು ಒಂದು ದಿನ ಕನ್ನಡಿಯಲ್ಲಿ ಕಂಡು ಹೆದರಿದೆ. ದೇವರಿಗೆ ಹೇಳಿಕೊಂಡೆ. ಹೋಲ್ಗರ್ ಅವರ ಕಲ್ಲಿನ ಬಳಿ ಕೂತು ಅವರಿಗೂ ಹೇಳಿ ಕಣ್ಣೀರು ಹಾಕಿದೆ. ಮನಸ್ಸು ಭಾರವಾಗಲಿಲ್ಲ.

ಆಗಸ್ಟ್ ಕೊನೆಯ ಶನಿವಾರ ಏಳೂ ಗಿಡಗಳಲ್ಲಿ ಎಳೆಯ ಚಿಗುರು ಕಂಡಿತು. ಕಚೇರಿಯವರು ಬಂದು ನೋಡಿ, ಇರಲಿ ಬಿಡಿ ಎಂದು ಹೋದರು. ಆಸ್ಗರ್ ಮಾತ್ರ ಹಿಗ್ಗಲಿಲ್ಲ.

“ಇನ್ನು ಮಳೆ ಶುರುವಾಗುತ್ತೆ. ನೀರೇ ಬೇಡ ಅಂದ್ರಿ. ಗಿಡ ನೋಡ್ಕೊಳ್ಳೋಕೆ ನೀವೊಬ್ಬರೇ ಸಾಕು, ಥೂರಾ ಅವರೇ. ದಿನಾ ಸಂಜೆ ನಿಮ್ಮ ಜೊತೆ ಕೂರೋಕೆ ನನಗೆ ಇನ್ನು ನೆಪ ಇಲ್ಲ.”

ಅವರ ಉಗುರಿನಲ್ಲಿ ಮಣ್ಣಿತ್ತು. ಆ ಕೈ ಹಿಡಿದೆ.

“ಗಿಡಕ್ಕೆ ಒಬ್ಬರು ಸಾಕು ಆಸ್ಗರ್. ನನಗೆ ನೀವು ಬೇಕು. ನಾಳೆ ಚರ್ಚಿನಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ.”

“ಊರೆಲ್ಲ ನೋಡುತ್ತೆ.”

“ನೋಡಲಿ. ಒಳ್ಳೆ ಅಂಗಿ ಹಾಕ್ಕೊಂಡು ಬನ್ನಿ.”

ಮರುದಿನ ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಬಂದು ಕುಳಿತರು. ಹಿಂದಿನ ಬೆಂಚಿನಲ್ಲಿ ಪಿಸುಮಾತು ಎದ್ದು ಅಡಗಿತು. ಸ್ತೋತ್ರ ಹಾಡುವಾಗ ಅವರ ದನಿ ರಾಗಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತಿತ್ತು. ನಾನು ನಿಧಾನವಾಗಿ ಹಾಡಿ ಅವರಿಗಾಗಿ ಕಾದೆ.